ಗವರ್ನರ್ ಹುದ್ದೆಯಿಂದ ವಿಶ್ವವಿದ್ಯಾನಿಲಯದ ಅಂಗಳಕ್ಕೆ



ರಾಜಕಾರಣಿಯೊಬ್ಬರು ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿಯುತ್ತಾರೆ ಎಂದರೆ ನಮಗೆ ಮೊದಲು ಬರುವುದು ಅನುಮಾನ. ಕೇಂದ್ರ ಶಿಕ್ಷಣ ಸಚಿವರಾಗಿದ್ದ ಕೆ.ಎಲ್. ಶ್ರೀಮಾಲಿಯವರು ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ನಾನು ಇವತ್ತು ಹೇಳಹೊರಟಿರುವುದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಟೆರ್ರಿ ಸ್ಯಾನ್‌ಫರ್ಡ್ ಅವರ ವಿಷಯ. ಅವರ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ.

ಅಲ್ಲಿ ಗವರ್ನರ್ ಎಂದರೆ ಜನ ಓಟು ಹಾಕಿ ಆರಿಸಿದವರು, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳ ಹಾಗೆ. ಸ್ಯಾನ್‌ಫರ್ಡ್ 1961ರಿಂದ 1965ರವರೆಗೆ ಆ ಹುದ್ದೆಯಲ್ಲಿದ್ದರು. ಶಾಲೆಗಳಿಗೆ ದುಡ್ಡು ಬೇಕಿತ್ತು. ಅದಕ್ಕಾಗಿ ಶೇ. 3ರ ಮಾರಾಟ ತೆರಿಗೆಯನ್ನು ಆಹಾರ ಪದಾರ್ಥಗಳಿಗೂ ಹಾಕಿಸಿದರು. ಬಡವರ ತಟ್ಟೆಗೆ ತೆರಿಗೆ! ಬೈಗುಳ ಬಂತು, ಬರಬೇಕಾದದ್ದೇ. ಆದರೆ ಆ ಹಣದಿಂದ ಶಾಲೆಗಳು ಸುಧಾರಿಸಿದವು, ಮೇಷ್ಟ್ರುಗಳ ಸಂಬಳ ಏರಿತು. 1963ರಲ್ಲಿ ಸಮುದಾಯ ಕಾಲೇಜುಗಳ ವ್ಯವಸ್ಥೆ ರೂಪುಗೊಂಡಿತು, ಸಂಗೀತ, ನೃತ್ಯ, ನಾಟಕಗಳಿಗಾಗಿಯೇ ಸರ್ಕಾರಿ ಶಾಲೆಯೊಂದಕ್ಕೆ ಮಂಜೂರಾತಿ ಸಿಕ್ಕಿತು. ಬಿಳಿಯರು, ಕರಿಯರು ಒಂದೇ ತರಗತಿಯಲ್ಲಿ ಕೂರಬಾರದೆಂದು ದಕ್ಷಿಣದ ರಾಜ್ಯಗಳು ಹಟ ಹಿಡಿದಿದ್ದ ಕಾಲದಲ್ಲಿ, ಕರಿಯ ಮಕ್ಕಳಿಗೂ ಪ್ರವೇಶ ಕೊಟ್ಟಿದ್ದ ಸರ್ಕಾರಿ ಶಾಲೆಗೆ ಅವರು ತಮ್ಮ ಮಕ್ಕಳನ್ನು ಕಳಿಸಿದರು. ಭಾಷಣಕ್ಕಿಂತ ಇದು ದೊಡ್ಡದು ಎಂದು ನನ್ನ ಎಣಿಕೆ.

ಗವರ್ನರ್ ಸತತ ಎರಡನೇ ಅವಧಿಗೆ ನಿಲ್ಲುವಂತಿಲ್ಲ ಎಂಬುದು ಆಗಿನ ನಿಯಮ. ಹಾಗಾಗಿ ಹೊರಬಂದರು. 1970ರಲ್ಲಿ ಡರ್ಹಾಮ್ ಪಟ್ಟಣದ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೆ ಅಧ್ಯಕ್ಷರಾಗಿ ಬಂದರು. ನಮ್ಮಲ್ಲಿ ಕುಲಪತಿಗಳು ಮಾಡುವ ಕೆಲಸ ಅದು.

ಆ ಹೊತ್ತಿಗೆ ಕ್ಯಾಂಪಸ್ ಕುದಿಯುತ್ತಿತ್ತು. ಹಿಂದಿನ ವರ್ಷ ಕರಿಯ ವಿದ್ಯಾರ್ಥಿಗಳು ಆಡಳಿತ ಕಟ್ಟಡವನ್ನು ವಶಪಡಿಸಿಕೊಂಡಿದ್ದರು, ಪೊಲೀಸರು ಅಶ್ರುವಾಯು ಸಿಡಿಸಿದ್ದರು, ಆಗಿನ ಅಧ್ಯಕ್ಷರು ಹುದ್ದೆ ಬಿಟ್ಟಿದ್ದರು. ಸ್ಯಾನ್‌ಫರ್ಡ್ ಬಂದ ಕೆಲವೇ ವಾರಗಳಲ್ಲಿ, ಮೇ ತಿಂಗಳಲ್ಲಿ, ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ದೇಶದ ಕ್ಯಾಂಪಸ್‌ಗಳೆಲ್ಲ ಹೊತ್ತಿಕೊಂಡವು. ಡ್ಯೂಕ್‌ನಲ್ಲಿ ಸ್ಯಾನ್‌ಫರ್ಡ್ ತಾವೇ ಹುಡುಗರ ನಡುವೆ ಹೋಗಿ ನಿಂತು ಮಾತಾಡಿದರು. ಮತ ಕೇಳುತ್ತಾ ಊರೂರು ಸುತ್ತಿದವರಿಗೆ ಸಿಟ್ಟಾದ ಜನರೆದುರು ನಿಲ್ಲುವುದು ಗೊತ್ತಿರುತ್ತದೆ. ವಿದ್ವತ್ತು ಕಲಿಸದ ವಿದ್ಯೆ ಅದು.

ಇನ್ನು ತಕರಾರಿನ ಮಾತು. ಆ ಕುರ್ಚಿಯಲ್ಲಿದ್ದುಕೊಂಡೇ 1972 ಮತ್ತು 1976ರಲ್ಲಿ ಅವರು ರಾಷ್ಟ್ರಾಧ್ಯಕ್ಷ ಪದವಿಗೆ ಪ್ರಯತ್ನಿಸಿದ್ದು ನನಗೆ ಒಪ್ಪಿಗೆಯಿಲ್ಲ. ಅದಕ್ಕಿಂತ ದೊಡ್ಡ ತಪ್ಪು 1981ರದು. ಮಾಜಿ ರಾಷ್ಟ್ರಾಧ್ಯಕ್ಷ ರಿಚರ್ಡ್ ನಿಕ್ಸನ್ ಡ್ಯೂಕ್‌ನಲ್ಲೇ ಕಾನೂನು ಓದಿದವರು. ಅವರ ಕಾಗದಪತ್ರಗಳ ಗ್ರಂಥಾಲಯ ಇಲ್ಲಿಗೆ ಬರಲಿ ಎಂದು ಸ್ಯಾನ್‌ಫರ್ಡ್ ಮಾತುಕತೆ ಶುರುಮಾಡಿದರು. ಅಧ್ಯಾಪಕರಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಇತಿಹಾಸಕಾರರಿಗೆ ಆ ದಾಖಲೆಗಳು ಚಿನ್ನವೇ, ಅದರಲ್ಲಿ ಸಂದೇಹವಿಲ್ಲ. ಆದರೆ ವಾಟರ್‌ಗೇಟ್ ಹಗರಣದಲ್ಲಿ ಅಧಿಕಾರ ಕಳೆದುಕೊಂಡವರ ಸ್ಮಾರಕ ನಮ್ಮ ಅಂಗಳದಲ್ಲೇಕೆ ಎಂದು ಅಧ್ಯಾಪಕರು ಎದ್ದುನಿಂತರು. ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಅವರಲ್ಲಿ ಎಷ್ಟೋ ಜನ ಒಪ್ಪುತ್ತಿದ್ದರೇನೋ. ಯೋಜನೆ ಬಿದ್ದುಹೋಯಿತು. ಗ್ರಂಥಾಲಯ ಕೊನೆಗೆ ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿ 1990ರಲ್ಲಿ ತೆರೆಯಿತು.

1984ರ ಜನವರಿಯಲ್ಲಿ ಇನ್ನೊಂದು ಗಲಾಟೆ. ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ವಿದ್ಯಾರ್ಥಿಗಳು ಎದುರಾಳಿಗಳನ್ನು ಅಶ್ಲೀಲವಾಗಿ ಹೀಯಾಳಿಸಿದ್ದರು. ಸ್ಯಾನ್‌ಫರ್ಡ್ ಯಾರಿಗೂ ದಂಡ ಹಾಕಲಿಲ್ಲ. ನಿಮ್ಮ ಬುದ್ಧಿವಂತಿಕೆಗೆ ಇದು ತಕ್ಕುದಲ್ಲ ಎಂಬ ಧಾಟಿಯಲ್ಲಿ ಪತ್ರ ಬರೆದು, ಕೆಳಗೆ ‘ಅಂಕಲ್ ಟೆರ್ರಿ’ ಎಂದು ರುಜು ಹಾಕಿದರು. ಮುಂದಿನ ಪಂದ್ಯಕ್ಕೆ ಹುಡುಗರು ತಲೆಯ ಮೇಲೆ ದೇವದೂತರ ಪ್ರಭಾವಳಿ ಕಟ್ಟಿಕೊಂಡು ಬಂದರು. ರೆಫರಿಯ ತೀರ್ಪು ಹಿಡಿಸದಿದ್ದಾಗ ಬೈಯುವ ಬದಲು, ‘ನಮ್ಮ ಅಭಿಪ್ರಾಯ ಬೇರೆ, ಕ್ಷಮಿಸಿ’ ಎಂಬರ್ಥದ ಘೋಷಣೆಯನ್ನು ಒಕ್ಕೊರಲಿನಿಂದ ಕೂಗಿದರು.

ಮರುವರ್ಷ ಅವರು ಡ್ಯೂಕ್‌ನಿಂದ ನಿವೃತ್ತರಾದರು, 1986ರಲ್ಲಿ ಸೆನೆಟ್ ಚುನಾವಣೆ ಗೆದ್ದು ಮತ್ತೆ ರಾಜಕಾರಣಕ್ಕೆ ಮರಳಿದರು.