ಮಾಲೆ ತೆಗೆದ ಮರುದಿನ

(ಆನೆಗೊಂದಿಯಲ್ಲಿ ನಡೆದ ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಊರ ಹೊರಗೆ ನಿಂತರೆ ಅಂಜನಾದ್ರಿ ಬೆಟ್ಟ ಕಾಣುತ್ತದೆ. 575 ಮೆಟ್ಟಿಲು. ಈ ಸೀಮೆಗೆ ಕಿಷ್ಕಿಂಧೆ ಅನ್ನುತ್ತಾರೆ. ಪಂಪಾ ಸರೋವರದ ಹತ್ತಿರ ಶಬರಿಯ ಗುಹೆ ತೋರಿಸುತ್ತಾರೆ. ನಮ್ಮ ಅವ್ವಂದಿರೂ ಹರಕೆ ಹೊತ್ತು ಈ ಬೆಟ್ಟ ಹತ್ತಿದವರೇ. ಅವರ ಭಕ್ತಿಯ ಬಗ್ಗೆ ಹಗುರಾಗಿ ಮಾತಾಡೋಕೆ ನಾನು ಬಂದಿಲ್ಲ. ಹನುಮಂತನ ಹೆಸರಿಟ್ಟುಕೊಂಡು ನಮ್ಮ ಹುಡುಗರ ಹೆಗಲಿಗೆ ಶಲ್ಯ ಹಾಕುವ ಬಜರಂಗದಳದ ಬಗ್ಗೆ ಮಾತಾಡೋಕೆ ಬಂದಿದ್ದೇನೆ.

ಮೊನ್ನೆ ಹಾಸ್ಟೆಲಿನಲ್ಲಿ ಒಬ್ಬ ತಮ್ಮ ನನ್ನನ್ನು ನಿಲ್ಲಿಸಿ ಕೇಳಿದ:

'ಅಣ್ಣಾ, ಹನುಮಮಾಲಿ ಹಾಕ್ಕೊಂಡ್ರ ಊರ ಮಂದಿ ನನಗ ಸ್ವಾಮಿ ಅಂತಾರ. ಮ್ಯಾಲಿನ ಓಣ್ಯಾಗ ಕಟ್ಟಿ ಮ್ಯಾಲ ಕೂಡ್ರಿಸಿ ನೀರು ಕೊಡ್ತಾರ. ಸಂಘದವ್ರು ನೀವು ಅದನ್ನೂ ಬ್ಯಾಡ ಅಂತೀರೇನು?'

ನನಗೆ ಬಾಯಿ ಕಟ್ಟಿತು. ಹುಟ್ಟಿದಾಗಿನಿಂದ ಯಾರೂ ಕೂಡ್ರು ಅನ್ನದ ಹುಡುಗನಿಗೆ ಕೂಡ್ರು ಅಂದರೆ ಅದು ಸಣ್ಣ ಮಾತಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನೂ ಕೇಳಿದೆ: 'ಹ್ವಾದ ವರ್ಷ ಮಾಲಿ ತಗದ ಮರುದಿನ ಆ ಕಟ್ಟಿ ಮ್ಯಾಲ ಕುಂತಿದ್ದೇನೋ ತಮ್ಮಾ?'

ಅವನು ಉತ್ತರ ಕೊಡಲಿಲ್ಲ. ಈವತ್ತಿನ ನನ್ನ ಮಾತೆಲ್ಲ ಆ ಮರುದಿನದ ಬಗ್ಗೆ.

ಮೊದಲು ಈ ದಳದ ಹುಟ್ಟು ತಿಳಿಯಿರಿ. 1984ರಲ್ಲಿ ವಿಶ್ವ ಹಿಂದೂ ಪರಿಷತ್ತು ಅಯೋಧ್ಯೆಯ ಚಳವಳಿಗೆ ಯುವಕರನ್ನು ಕೂಡಿಸಲು ಉತ್ತರ ಪ್ರದೇಶದಲ್ಲಿ ಇದನ್ನು ಕಟ್ಟಿತು. ಮೊದಲ ಮುಖಂಡ ವಿನಯ್ ಕಟಿಯಾರ್. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಬಿತ್ತು. ನಾಲ್ಕು ದಿನದ ಮೇಲೆ ಕೇಂದ್ರ ಸರ್ಕಾರ ಈ ದಳವನ್ನೂ ಸೇರಿಸಿ ಕೆಲವು ಸಂಘಟನೆಗಳನ್ನು ನಿಷೇಧಿಸಿತು. 1993ರಲ್ಲಿ ನ್ಯಾಯಮಂಡಳಿ ದಳದ ಮೇಲಿನ ನಿಷೇಧ ತೆಗೆಯಿತು. ಡಿಸೆಂಬರ್ 6 ನಮಗೆ ಯಾವ ದಿನ? 1956ರಲ್ಲಿ ಬಾಬಾಸಾಹೇಬರು ಕಣ್ಣು ಮುಚ್ಚಿದ ದಿನ. ನಾವು ಮೇಣದ ಬತ್ತಿ ಹಚ್ಚುವ ದಿನವನ್ನು ಅವರು ಶೌರ್ಯದ ದಿನ ಅನ್ನುತ್ತಾರೆ.

ಇನ್ನು ಅವರ ಗುರುತುಗಳು. ತ್ರಿಶೂಲ, ಗದೆ, ಕೇಸರಿ ಶಲ್ಯ. ಬೈಕಿನ ಮೇಲೆ, ಆಟೋದ ಹಿಂದೆ ಹುಬ್ಬು ಗಂಟಿಕ್ಕಿದ ಹನುಮಂತನ ಮುಖ ನೋಡಿದ್ದೀರಿ. ಅದನ್ನು 2015ರಲ್ಲಿ ಬರೆದವರು ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. ಗಣೇಶನ ಹಬ್ಬದ ಬಾವುಟಕ್ಕೆಂದು ಊರಿನ ಗೆಳೆಯರು ಕೇಳಿದ್ದರು, ಬರೆದುಕೊಟ್ಟರು. ಇದು ಸಿಟ್ಟಿನ ಹನುಮನಲ್ಲ, ಗತ್ತಿನ ಹನುಮ ಎಂದು ಅವರೇ ಹೇಳಿದರು. ಆದರೆ ಚಿತ್ರ ದೇಶವೆಲ್ಲ ಹರಡಿದಾಗ ಸಿಟ್ಟೇ ಉಳಿಯಿತು. ನಮ್ಮೂರ ಹಳೇ ಗುಡಿಯ ಹನುಮಪ್ಪನನ್ನು ನೆನಪು ಮಾಡಿಕೊಳ್ಳಿ. ಸಿಂಧೂರ ಬಳಿದುಕೊಂಡು ಊರ ಬಾಗಿಲಲ್ಲಿ ನಿಂತ ದೇವರು. ಅವನಿಗೆ ಯಾರ ಮೇಲೆ ಸಿಟ್ಟಿತ್ತು? ಈ ಹೊಸ ಸಿಟ್ಟನ್ನು ಯಾರ ಮೇಲೆ ತಿರುಗಿಸುತ್ತಿದ್ದಾರೆ?

ಸೇವೆ, ಸುರಕ್ಷೆ, ಸಂಸ್ಕಾರ. ಇವು ಅವರ ಮೂರು ಮಾತು. ಒಂದೊಂದನ್ನೇ ನಮ್ಮ ಕೇರಿಗೆ ತಂದು ನೋಡೋಣ.

ಸುರಕ್ಷೆ ಅಂದರೆ ಯಾರಿಂದ ಯಾರಿಗೆ? 2016ರ ಜುಲೈನಲ್ಲಿ ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕಿನ ಶಾಂತಿಪುರದಲ್ಲಿ ದನದ ಮಾಂಸದ ನೆಪ ಹೇಳಿ ಒಂದು ದಲಿತ ಕುಟುಂಬದ ಮೇಲೆ ಬಿದ್ದು ಹೊಡೆದರು. ಆ ಹಲ್ಲೆಯ ಆರೋಪ ಬಂದದ್ದು ಬಜರಂಗದಳದವರ ಮೇಲೆ. ಹೊಡೆಸಿಕೊಂಡವರು ಪಾಕಿಸ್ತಾನದವರಲ್ಲ, ನಮ್ಮ ಜನ. ಅದೇ ತಿಂಗಳು ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರೆಂಬವರು ಬಟ್ಟೆ ಬಿಚ್ಚಿಸಿ ಬಡಿದರು. ಸತ್ತ ದನ ಹೊರು ಅಂದದ್ದೂ ಈ ಧರ್ಮವೇ. ಹೊತ್ತದ್ದಕ್ಕೆ ಬಡಿದದ್ದೂ ಅದರ ಹೆಸರಲ್ಲೇ.

ಸಂಸ್ಕಾರ ಅಂದರೆ ಏನು? ನಮ್ಮದೇ ಜಿಲ್ಲೆ, ಕುಷ್ಟಗಿ ತಾಲೂಕು, ಮಿಯಾಪುರ. 2021ರ ಸೆಪ್ಟೆಂಬರ್. ಎರಡು ವರ್ಷದ ಕೂಸಿನ ಹುಟ್ಟುಹಬ್ಬ. ಅಪ್ಪ ಗುಡಿಯ ಹೊರಗೆ ನಿಂತು ಕೈ ಮುಗಿಯುತ್ತಿದ್ದ. ಮಳೆ ಹನಿಯಿತು. ಕೂಸು ಒಳಗೆ ಓಡಿತು. ಅಷ್ಟೇ ತಪ್ಪು. ಗುಡಿ ಶುದ್ಧ ಮಾಡಬೇಕು ಅಂತ ಇಪ್ಪತ್ತು ಸಾವಿರದ ಮೇಲೆ ದಂಡ ಕೇಳಿದರು. ಅದು ಯಾರ ಗುಡಿ? ಹನುಮಂತನ ಗುಡಿ! ಯಾವ ದೇವರ ಮಾಲೆ ಹಾಕಿದರೆ ನೀನು ಸ್ವಾಮಿಯೋ, ಅದೇ ದೇವರ ಹೊಸ್ತಿಲು ದಾಟಿದ ಕೂಸು ಮೈಲಿಗೆ. ಆ ದಂಡ ಕೇಳಿದವರ ಮುಂದೆ ಗದೆ ಹಿಡಿದು ಯಾರಾದರೂ ನಿಂತ ಸುದ್ದಿ ನಾನಂತೂ ಕೇಳಲಿಲ್ಲ. ಕಾನೂನು ಬಂತು, ಪೊಲೀಸರು ಬಂದರು. ಆ ಕಾನೂನು ಬಂದದ್ದು ಬಾಬಾಸಾಹೇಬರ ಸಂವಿಧಾನದಿಂದ.

ಮರಕುಂಬಿ ನಮ್ಮ ಗಂಗಾವತಿ ತಾಲೂಕಿನದೇ. 2014ರಲ್ಲಿ ಅಲ್ಲಿ ನಮ್ಮವರ ಗುಡಿಸಲು ಸುಟ್ಟರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನಾಯಿತು. ಅದನ್ನು ಬಜರಂಗದಳ ಮಾಡಿತು ಅಂತ ನಾನು ಹೇಳುತ್ತಿಲ್ಲ. 'ನಾವೆಲ್ಲ ಹಿಂದೂ, ನಾವೆಲ್ಲ ಒಂದು' ಅನ್ನುವವರು ಈ ಬೆಂಕಿಗೆ ಏನು ಹೆಸರಿಡುತ್ತಾರೆ ಅಂತ ಕೇಳುತ್ತಿದ್ದೇನೆ.

ಉಳಿದದ್ದು ಸೇವೆ. ಈ ಸೇವೆಯ ಕಷ್ಟ ಯಾರ ಪಾಲಿಗೆ ಅನ್ನೋದನ್ನು ಒಬ್ಬ ಮನುಷ್ಯನ ಬದುಕಿನಿಂದ ತಿಳಿಯಬಹುದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿಯಾದಾಗ ಬಜರಂಗದಳದ ರಾಜ್ಯ ಸಂಚಾಲಕರಾಗಿದ್ದವರು ಮಹೇಂದ್ರ ಕುಮಾರ್. ಬಹಿರಂಗವಾಗಿ ಸಮರ್ಥಿಸಿಕೊಂಡರು, ಜೈಲಿಗೆ ಹೋದರು. ಮುಂದೆ ದಳ ಬಿಟ್ಟರು. ಆಮೇಲೆ ಊರೂರು ತಿರುಗಿ, ಬಡವರ ಮಕ್ಕಳು ಈ ದಾರಿಗೆ ಹೋಗಬೇಡಿ ಅಂತಲೇ ಮಾತಾಡಿದರು. 2020ರ ಏಪ್ರಿಲಿನಲ್ಲಿ ತೀರಿಕೊಂಡರು. ಒಳಗೆ ಇದ್ದು ಬಂದವರ ಮಾತದು.

ತಮ್ಮಂದಿರೇ, ಗಲಾಟೆಯಲ್ಲಿ ಕಲ್ಲು ಎಸೆಯುವ ಕೈ ಬೇಕಾದಾಗ ನಾವು ಹಿಂದೂ. ಎಫ್‌ಐಆರ್‌ನಲ್ಲಿ ಹೆಸರು ಬಿದ್ದ ಮೇಲೆ ನಾವು ಮತ್ತೆ ಕೇರಿಯವರು. ನಿಮ್ಮವ್ವ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚಿ ನಿಮ್ಮನ್ನು ಓದಿಸುತ್ತಿದ್ದಾಳೆ. ನಾಳೆ ಪೊಲೀಸು ಕೆಲಸಕ್ಕೋ, ಮಾಸ್ತರಿಕೆಗೋ ಅರ್ಜಿ ಹಾಕಿದಾಗ ಆ ಕೇಸು ಎದ್ದು ಬರುತ್ತದೆ. ಇನ್ನು ನೀವು ಕಲ್ಲು ಎಸೆಯುವುದು ಯಾರ ಮೇಲೆ? ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ನಿಮ್ಮಪ್ಪನ ಜೊತೆ ಚೀಲ ಹೊರುವ ಸಾಬರ ಮೇಲೆ. ಅವರ ಮನೆಯಲ್ಲಿ ನಾವು ಉಂಡಿದ್ದೇವೆ. ಯಾವ ಮಾಲೆಯೂ ಇಲ್ಲದೆ ಉಂಡಿದ್ದೇವೆ.

1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಹೂಡಿದರು. ಅದೂ ರಾಮನ ಗುಡಿಯೇ. ವರ್ಷಗಟ್ಟಲೆ ಕಾದರೂ ಬಾಗಿಲು ತೆರೆಯಲಿಲ್ಲ. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂದರು. ಆ ಬಾಗಿಲ ಮುಂದೆ ಕಾದವರ ಮೊಮ್ಮಕ್ಕಳು ನಾವು. ಇಂದು ನಮ್ಮನ್ನೇ ಬಾಗಿಲು ಕಾಯಲು ಕರೆಯುತ್ತಿದ್ದಾರೆ.

ಬೆಟ್ಟ ಹತ್ತೋದು ಬಿಡೋದು ನಿಮ್ಮ ಮನಸ್ಸು. ಆದರೆ ಯಾರಾದರೂ ಹೆಗಲ ಮೇಲೆ ಕೈ ಹಾಕಿ ಹೆಸರು ಬರೆಸು ಅಂದರೆ ಇಷ್ಟು ಕೇಳಿ: 'ಅಣ್ಣಾರ, ಮಾಲಿ ತಗದ ಮರುದಿನ ನಿಮ್ಮ ಮನಿಯೊಳಗ ಕೂಡ್ರಿಸಿ ಊಟಕ್ಕ ಹಾಕ್ತೀರೇನು? ನಮ್ಮೂರ ಚಾದಂಗಡ್ಯಾಗ ನನಗೂ ನಿಮಗೂ ಒಂದ ಥರದ ಲೋಟ ಕೊಡಿಸ್ತೀರೇನು? ಮಿಯಾಪುರದಂಥ ಊರಿಗೆ ನನ್ನ ಜೋಡಿ ಬರ್ತೀರೇನು?' ಹೌದು ಅಂದರೆ ಹೊರಡಿ, ನಾನೂ ಬರುತ್ತೇನೆ. ಸುಮ್ಮನಾದರೆ ಅದೇ ಉತ್ತರ ಅಂತ ತಿಳಿದು ಹಾಸ್ಟೆಲಿಗೆ ಬಂದು ಪುಸ್ತಕ ತೆಗೆಯಿರಿ.

ಮಿಯಾಪುರದ ಆ ಕೂಸಿಗೆ ಈಗ ಸಾಲಿಗೆ ಹೋಗುವ ವಯಸ್ಸು. ಅದು ಮಳೆಗೆ ಎಲ್ಲಿ ಬೇಕಾದರೂ ಓಡಿ ನಿಲ್ಲುವಂಥ ಊರು ಕಟ್ಟುವ ಕೆಲಸ ನಮ್ಮದು.

ಜೈ ಭೀಮ್.