ಒಂದು ಸಾಲು ಬಿಟ್ಟು ನೋಡಿ



ಇದೇ ಶಾಲೆಯಲ್ಲಿ ಓದಿ, ಕೋಲಾರ ಸೀಮೆಯಲ್ಲಿ ಟೊಮೆಟೊ ಬೆಳೆಯುತ್ತಿರುವವನು ನಾನು. ಕಡಲ ಪಾಚಿಯ ರಸ ಸಿಂಪಡಿಸಿದರೆ ಸಾಕೆಂದು ಒಂದು ವರ್ಷ ಕೊಟ್ಟಿಗೆ ಗೊಬ್ಬರ ಕಡಿಮೆ ಮಾಡಿದೆ. ಕಾಯಿ ಸಣ್ಣದಾಯಿತು, ಸಾಲ ಉಳಿಯಿತು.

ತಪ್ಪು ರಸದ್ದಲ್ಲ, ನನ್ನದು. ತಮಿಳುನಾಡಿನ ರಾಮನಾಥಪುರಂ ಕಡಲತೀರದಲ್ಲಿ ಬೆಳೆಸುವ ಕಪ್ಪಾಫೈಕಸ್ ಪಾಚಿಯ ರಸದಲ್ಲಿ ಬೇರು, ಚಿಗುರನ್ನು ಚುರುಕುಗೊಳಿಸುವ ಆಕ್ಸಿನ್, ಸೈಟೊಕೈನಿನ್‌ಗಳಿವೆ. ಗಿಡದ ಹೊಟ್ಟೆ ತುಂಬುವಷ್ಟು ಸಾರಜನಕವಿಲ್ಲ. ಅದು ಊಟವಲ್ಲ, ಹಸಿವು ಹುಟ್ಟಿಸುವ ಕಷಾಯ.

2021ರಿಂದ ಇಂಥ ಜೈವಿಕ ಉತ್ತೇಜಕಗಳೂ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದಿವೆ. ಲೇಬಲ್ ಓದಿಯೇ ಖರೀದಿಸಿ. ಗೊಬ್ಬರ ಬಿಡಬೇಡಿ. ತಂಪು ಹೊತ್ತಿನಲ್ಲಿ ಸಿಂಪಡಿಸಿ, ಒಂದು ಸಾಲನ್ನು ಹಾಗೇ ಬಿಡಿ. ಎರಡರ ಕಾಯಿಯನ್ನೂ ತೂಗಿ ನೋಡಿ.

ನಮ್ಮ ವಿಜ್ಞಾನದ ಮೇಷ್ಟ್ರು ಎರಡು ಕುಂಡಗಳಲ್ಲಿ ಕಲಿಸಿದ್ದು ಇದನ್ನೇ. ನನಗೆ ಅರ್ಥವಾದದ್ದು ತೋಟದಲ್ಲಿ.