ರಕ್ತದ ಕೊಬ್ಬು, ಮನೆತನ ಮತ್ತು ಆಯಸ್ಸು
(ಸುವರ್ಣ ಮಹೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನಲವತ್ತೈದು ದಾಟದವರು ಹೃದಯಾಘಾತದಿಂದ ಹೋದರೆ "ಅವರ ಆಯಸ್ಸು ಅಷ್ಟೇ ಇತ್ತು" ಅನ್ನುತ್ತೇವೆ. ಅವರ ತಂದೆಯೂ ಹೀಗೇ ಹೋದರೆಂದು ಯಾರಾದರೂ ನೆನಪಿಸಿದರೆ "ಅದು ಮನೆತನದಲ್ಲೇ ಇದೆ" ಎಂದು ಮಾತು ಮುಗಿಸುತ್ತೇವೆ. ಈ ಎರಡನೆಯ ಮಾತಿನಲ್ಲಿ ಎಷ್ಟೋ ಸಲ ಸತ್ಯವಿರುತ್ತದೆ. ಆದ್ದರಿಂದಲೇ ಮಾತನ್ನು ಅಲ್ಲಿಗೆ ಬಿಡಬಾರದು.

ಕೊಲೆಸ್ಟ್ರಾಲ್ ದೇಹಕ್ಕೆ ಬೇಕಾದ ವಸ್ತು. ನಾವು ತಿನ್ನದಿದ್ದರೂ ದೇಹವೇ ಅದನ್ನು ತಯಾರಿಸುತ್ತದೆ. ಅದನ್ನು ರಕ್ತದಲ್ಲಿ ಹೊತ್ತು ತಿರುಗುವ ಕಣಗಳಲ್ಲಿ ಮುಖ್ಯವಾದದ್ದು ಎಲ್‌ಡಿಎಲ್. ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವುದು ಇದೇ. ನಮ್ಮ ತುಂಗಾ ಅಣೆಕಟ್ಟೆಯನ್ನೇ ನೆನೆಯಿರಿ. ಒಳಹರಿವು ಎಷ್ಟೇ ಇರಲಿ, ಗೇಟುಗಳು ಸರಿಯಾಗಿ ತೆರೆದರೆ ನೀರಿನ ಮಟ್ಟ ಹತೋಟಿಯಲ್ಲಿರುತ್ತದೆ. ಅರ್ಧ ಗೇಟುಗಳು ಕೆಟ್ಟರೆ ಸಾಧಾರಣ ಮಳೆಗೂ ಮಟ್ಟ ಏರುತ್ತದೆ. ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳುವ ಇಂಥ ಗೇಟುಗಳು ನಮ್ಮ ಯಕೃತ್ತಿನಲ್ಲಿವೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಗೇಟುಗಳ ವಂಶವಾಹಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಒಂದರಲ್ಲಿ ದೋಷವಿದ್ದರೂ ಹುಟ್ಟಿನಿಂದಲೇ ಎಲ್‌ಡಿಎಲ್ ಹೆಚ್ಚಿರುತ್ತದೆ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇಂಥ ವಂಶಪಾರಂಪರ್ಯದ ತೊಂದರೆ ಇದೆ. ಅವರ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮೈ ತೆಳ್ಳಗಿರಲಿ, ದಿನವೆಲ್ಲ ಗದ್ದೆ ತೋಟದಲ್ಲಿ ದುಡಿಯಲಿ, ಇದು ಬಿಡುವುದಿಲ್ಲ. ನೋವೂ ಇರುವುದಿಲ್ಲ. ಕೆಲವರಿಗೆ ಹಿಮ್ಮಡಿಯ ಮೇಲಿನ ನರ ದಪ್ಪಗಾಗುತ್ತದೆ, ಚಿಕ್ಕ ವಯಸ್ಸಿಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಬಳೆ ಕಾಣುತ್ತದೆ. ಉಳಿದವರಿಗೆ ರಕ್ತಪರೀಕ್ಷೆಯೇ ಗತಿ.

"ನಮ್ಮಜ್ಜ ತುಪ್ಪ ತಿಂದೇ ತೊಂಬತ್ತು ವರ್ಷ ಬದುಕಿದ" ಎಂದು ನೀವು ಕೇಳಬಹುದು. ಇದಕ್ಕೆ ನೆದರ್ಲೆಂಡ್ಸ್‌ನ ಒಂದು ದೊಡ್ಡ ವಂಶವೃಕ್ಷದಲ್ಲಿ ಉತ್ತರವಿದೆ. ಈ ದೋಷವಿದ್ದ ಆ ವಂಶದ ಸುಮಾರು ಎರಡು ಶತಮಾನಗಳ ಜನನ ಮರಣಗಳನ್ನು ಸಂಶೋಧಕರು ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ದೋಷವಿದ್ದವರು ಉಳಿದವರಿಗಿಂತ ಹೆಚ್ಚಾಗಿ ಸತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿಗೆ ಅವರ ಸಾವು ಬಹಳ ಏರಿತ್ತು. ವಂಶವಾಹಿ ಅದೇ, ಬದುಕುವ ರೀತಿ ಬದಲಾಗಿತ್ತು. ಅಂದರೆ ಅಜ್ಜನ ಆಯಸ್ಸು ಮೊಮ್ಮಗನಿಗೆ ಜಾಮೀನು ಕೊಡುವುದಿಲ್ಲ. ತಂದೆಯ ಅಕಾಲ ಮರಣವೂ ಮಗನಿಗೆ ತೀರ್ಪಲ್ಲ.

ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ದೋಷವಿದ್ದ 214 ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಸ್ಟ್ಯಾಟಿನ್ ಮಾತ್ರೆಯ ಚಿಕಿತ್ಸೆ ಆರಂಭಿಸಿ, ಇಪ್ಪತ್ತು ವರ್ಷಗಳ ನಂತರ ಮತ್ತೆ ನೋಡಿದರು. ಆ ಮಕ್ಕಳ ತಂದೆತಾಯಿಯರಲ್ಲಿ ದೋಷವಿದ್ದವರ ಪೈಕಿ ಶೇಕಡಾ 26 ಮಂದಿಗೆ 39 ವಯಸ್ಸಿನೊಳಗೇ ಹೃದಯ ಅಥವಾ ರಕ್ತನಾಳದ ತೊಂದರೆ ಬಂದಿತ್ತು. ಶೇಕಡಾ 7 ಮಂದಿ ಅದರಿಂದಲೇ ತೀರಿಕೊಂಡಿದ್ದರು. ಅದೇ ವಯಸ್ಸಿಗೆ ಬಂದಾಗ ಮಕ್ಕಳಲ್ಲಿ ತೊಂದರೆ ಶೇಕಡಾ 1, ಸಾವು ಒಂದೂ ಇಲ್ಲ. ಒಂದೇ ರಕ್ತ, ಒಂದೇ ದೋಷ; ಆಯಸ್ಸು ಬೇರೆ.

ಸ್ಟ್ಯಾಟಿನ್ನಿನ ಮೂಲವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಕಂಡುಕೊಂಡದ್ದು ಅಕ್ಕಿಗೆ ಹತ್ತಿದ್ದ ಬೂಷ್ಟಿನಲ್ಲಿ! ಅದು ದೇಹದ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಯಕೃತ್ತು ಇನ್ನಷ್ಟು ಗೇಟು ತೆರೆಯುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮನೆಯಲ್ಲಿ ಗಂಡಸರು 55ರೊಳಗೆ, ಹೆಂಗಸರು 65ರೊಳಗೆ ಹೃದಯಾಘಾತಕ್ಕೆ ಗುರಿಯಾಗಿದ್ದರೆ, ಅವರ ಒಡಹುಟ್ಟಿದವರೂ ಮಕ್ಕಳೂ ಲಿಪಿಡ್ ಪರೀಕ್ಷೆ ಮಾಡಿಸಬೇಕು. ಉಳಿದವರಿಗೂ 18ನೇ ವಯಸ್ಸಿನಲ್ಲಿ ಮೊದಲ ಪರೀಕ್ಷೆ ಆಗಲಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ. ಎಲ್‌ಡಿಎಲ್ 190 ದಾಟಿದ್ದರೆ ವಂಶದೋಷದ ಅನುಮಾನ ಪಡಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ನಮಗೆ ದೂರವೇನಲ್ಲ. ಮಾತ್ರೆಯನ್ನು ನೀವಾಗಿಯೇ ಶುರು ಮಾಡಬೇಡಿ, ನೀವಾಗಿಯೇ ನಿಲ್ಲಿಸಲೂ ಬೇಡಿ, ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು ಬಿಡಲು ಮಾತ್ರ ಯಾರನ್ನೂ ಕೇಳಬೇಕಿಲ್ಲ.

ಮಕ್ಕಳೇ, ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿ, ದೊಡ್ಡಪ್ಪ, ಸೋದರಮಾವ ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ಹೋದರು ಎಂದು ಕೇಳಿ, ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದಿಡಿ. ಡಾಕ್ಟರ ಮುಂದೆ ಆ ಪುಟವನ್ನು ಇಡಿ. ನಿಮ್ಮ ಅಪ್ಪ ಅಮ್ಮನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದೇ ಆದೀತು.

ಶಾಲೆಯ ನೂರನೆಯ ವರ್ಷದ ಹಬ್ಬಕ್ಕೂ ನೀವೆಲ್ಲ ಆರೋಗ್ಯವಾಗಿ ಬಂದು ಸೇರುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.